ಮೊಬೈಲ್ ಲೆಕ್ಕದ ತಂತ್ರಾಂಶ: ಕೊಳ್ಳುವ ಮುನ್ನ ಕೆಲಸದ ಸ್ಥಳದಲ್ಲೇ ಪರೀಕ್ಷಿಸಿ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮಾಲೀಕರೊಬ್ಬರು ನೇಕಾರರಿಗೆ ಕೊಟ್ಟ ನೂಲಿನ ತೂಕ, ನೇಯ್ದು ಬಂದ ಸೀರೆಗಳ ಸಂಖ್ಯೆ ಹಾಗೂ ಸಲ್ಲಬೇಕಾದ ಕೂಲಿಯನ್ನು ಪುಸ್ತಕದ ಬದಲು ಮೊಬೈಲಿನಲ್ಲಿ ದಾಖಲಿಸಲು ನಿರ್ಧರಿಸಿದರೆಂದು ಭಾವಿಸೋಣ. ಮಾರಾಟಗಾರರ ಕಚೇರಿಯಲ್ಲಿ ತಂತ್ರಾಂಶವು ಸರಾಗವಾಗಿಯೇ ನಡೆಯುತ್ತದೆ. ಶೆಡ್ಡಿನಲ್ಲಾದರೋ ಮಗ್ಗಗಳ ಸದ್ದಿನಲ್ಲಿ ಎಚ್ಚರಿಕೆಯ ಧ್ವನಿ ಕೇಳಿಸದು; ಒಂದು ಕೈಯಲ್ಲಿ ನೂಲು ಇರುತ್ತದೆ; ಕರೆಂಟು ಹೋದರೆ ವೈಫೈ ಸಹ ನಿಲ್ಲುತ್ತದೆ. ಅಲ್ಲಿ 12 ಸೀರೆ 21 ಎಂದು ದಾಖಲಾದರೆ ನಷ್ಟ ಮಾಲೀಕರಿಗೆ. 21 ಸೀರೆ 12 ಎಂದಾದರೆ ನಷ್ಟ ನೇಕಾರರಿಗೆ.

ಬಳಕೆಯೋಗ್ಯತೆ ಎಂದರೇನು?

ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನಕವು ಬಳಕೆಯೋಗ್ಯತೆಗೆ ಮೂರು ಅಂಶಗಳನ್ನು ಹೇಳುತ್ತದೆ: ಕೆಲಸವು ಸರಿಯಾಗಿ ಪೂರ್ಣಗೊಂಡಿತೇ, ಅದಕ್ಕೆ ಎಷ್ಟು ಸಮಯ ಮತ್ತು ಶ್ರಮ ತಗುಲಿತು, ಬಳಸಿದವರಿಗೆ ಸಮಾಧಾನವಾಯಿತೇ. ಇವುಗಳನ್ನು ನಿರ್ದಿಷ್ಟ ಬಳಕೆದಾರರು, ಕೆಲಸ ಮತ್ತು ಸನ್ನಿವೇಶಕ್ಕೆ ಅನ್ವಯಿಸಿಯೇ ನೋಡಬೇಕು.

ಈ ವಿಚಾರ ನಮಗೆ ಹೊಸತಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 1999ರಲ್ಲಿ ರಚಿಸಿದ ಸಿಂಪ್ಯೂಟರ್ ಟ್ರಸ್ಟ್, ಅಕ್ಷರ ಬಾರದವರೂ ಬಳಸಬಲ್ಲಂತೆ ಚಿತ್ರ, ಸ್ಪರ್ಶ ಮತ್ತು ಭಾರತೀಯ ಭಾಷೆಗಳ ಧ್ವನಿಯನ್ನುಳ್ಳ ಅಂಗೈ ಗಣಕವನ್ನು ರೂಪಿಸಿತು. 2003ರ ನೋಕಿಯಾ 1100 ಫೋನಿಗೆ ಧೂಳು ತಡೆಯುವ ಕೀಲಿಮಣೆ ಮತ್ತು ಟಾರ್ಚ್ ಇದ್ದವು. ಇಂದು ಅಂಗಡಿಗಳಲ್ಲಿರುವ ಸೌಂಡ್‌ಬಾಕ್ಸ್, ತಕ್ಕಡಿ ಹಿಡಿದ ವ್ಯಾಪಾರಿಯು ಪರದೆ ನೋಡದೆಯೇ ಹಣ ಸಂದಾಯವಾದುದನ್ನು ತಿಳಿಸುತ್ತದೆ.

ಪರೀಕ್ಷೆಯ ಕ್ರಮ

1. ನಾಲ್ಕು ನಿಜವಾದ ಕೆಲಸಗಳನ್ನು ಆರಿಸಿ: ನೂಲಿನ ತೂಕ ಬರೆಯುವುದು, ಸೀರೆ ಜಮಾ ಮಾಡುವುದು, ತಪ್ಪು ತಿದ್ದುವುದು, ಕೂಲಿಯ ಲೆಕ್ಕ ತೆಗೆಯುವುದು.

2. ಐವರನ್ನು ಆರಿಸಿ. ಸಣ್ಣ ಪರೀಕ್ಷೆಗೆ ಐವರು ಸಾಕೆಂಬುದು ಬಳಕೆಯೋಗ್ಯತಾ ತಜ್ಞ ಜೇಕಬ್ ನೀಲ್ಸನ್ ಅವರ ಸಲಹೆ. ಅವರಲ್ಲಿ ಕನ್ನಡಕ ಧರಿಸುವ ಹಿರಿಯರೂ ಇಂಗ್ಲಿಷ್ ಬಾರದವರೂ ಇರಲಿ.

3. ಮಗ್ಗಗಳು ಓಡುತ್ತಿರುವಾಗಲೇ ಪರೀಕ್ಷಿಸಿ. ನೆಲಮಂಗಲದ ಗೋದಾಮಿನವರು ಲಾರಿಗೆ ಸರಕು ತುಂಬುವ ವೇಳೆ ಹಾಗೂ ಹೊಸಕೋಟೆಯ ತರಕಾರಿ ವರ್ತಕರು ನಡುಹಗಲ ಬಿಸಿಲಿನಲ್ಲಿ ಪರೀಕ್ಷಿಸುವುದು ಸೂಕ್ತ. ಒಮ್ಮೆ ಇಂಟರ್ನೆಟ್ ಸಂಪರ್ಕ ಕಡಿದೂ ನೋಡಿ.

4. ಹೇಳಿಕೊಡದೆ ಗಮನಿಸಿ. ತಗುಲಿದ ಸಮಯ, ಆದ ತಪ್ಪು, ಕೇಳಿದ ಸಹಾಯ ಇವನ್ನು ಬರೆದುಕೊಳ್ಳಿ. ಮುಖ್ಯವಾಗಿ, ಆದ ತಪ್ಪು ಬಳಸಿದವರ ಗಮನಕ್ಕೆ ಬಂದಿತೇ ಎಂಬುದನ್ನು ನೋಡಿ. ಗಮನಕ್ಕೆ ಬಾರದ ತಪ್ಪೇ ಕೂಲಿಯ ಜಗಳಕ್ಕೆ ಮೂಲ.

5. ದೋಷಗಳನ್ನು ತಿದ್ದಿಸಿ, ಮತ್ತೆ ಪರೀಕ್ಷಿಸಿ. ಅಲ್ಲಿಯವರೆಗೆ ಹಳೆಯ ಪುಸ್ತಕವೂ ಮುಂದುವರಿಯಲಿ.

ಪರೀಕ್ಷೆಗೆ ಒಳಗಾಗಿರುವುದು ತಂತ್ರಾಂಶವೇ ಹೊರತು ಕೆಲಸಗಾರರಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಮಾಲೀಕರು ಎದುರಿಗೆ ನಿಂತರೆ ಕೆಲಸಗಾರರು ತಿಳಿಯದುದನ್ನೂ ತಿಳಿಯಿತೆಂದು ತಲೆಯಾಡಿಸುವುದುಂಟು. ಆದುದರಿಂದ ಗಮನಿಸುವ ಹೊಣೆಯನ್ನು ಬೇರೊಬ್ಬರಿಗೆ ವಹಿಸುವುದು ಲೇಸು.

ಪೂರ್ಣ ಹಣ ಪಾವತಿಸುವುದು ಈ ಪರೀಕ್ಷೆಯ ನಂತರವೇ ಎಂಬ ಷರತ್ತನ್ನು ಮಾರಾಟಗಾರರೊಡನೆ ಬರಹದಲ್ಲಿ ಮಾಡಿಕೊಳ್ಳಿ. ಅರ್ಧ ದಿನದ ಈ ಶ್ರಮವು ಹಣವನ್ನೂ, ಅದಕ್ಕಿಂತ ಮಿಗಿಲಾಗಿ ಮಾಲೀಕರು ಮತ್ತು ನೇಕಾರರ ನಡುವಣ ನಂಬಿಕೆಯನ್ನೂ ಉಳಿಸುತ್ತದೆ.