ಪಾಠದ ದಿನ, ದುಡ್ಡಿನ ದಿನ

ಐಟಿಐಎಲ್ ಪಾಠ ಹೇಳಲು ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಒಂದೇ ಸಾಲದು. ಐಟಿ ಸೇವಾ ನಿರ್ವಹಣೆಯ ಈ ಪದ್ಧತಿ 1980ರ ದಶಕದಲ್ಲಿ ಬ್ರಿಟನ್ ಸರ್ಕಾರದ ಕಂಪ್ಯೂಟರ್ ಮತ್ತು ದೂರಸಂಪರ್ಕ ಸಂಸ್ಥೆ ಬರೆಸಿದ ಕೈಪಿಡಿಗಳಿಂದ ಬೆಳೆಯಿತು. ಇದರ ಒಡೆತನ 2013ರಲ್ಲಿ ಆಕ್ಸೆಲಾಸ್ ಎಂಬ ಜಂಟಿ ಕಂಪನಿಗೆ ಹೋಯಿತು. 2021ರಲ್ಲಿ ಆ ಕಂಪನಿಯನ್ನೇ ಪೀಪಲ್‌ಸರ್ಟ್ ಕೊಂಡಿತು. ಅಧಿಕೃತ ಪಾಠ ನಡೆಸುವ ಹಕ್ಕು ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳದು. ತರಬೇತುದಾರರಿಗೆ ಮಾನ್ಯತೆ ಬರುವುದೂ ಅಂಥ ಸಂಸ್ಥೆಯ ಮೂಲಕವೇ. ಹಾಗಾಗಿ ಸ್ವತಂತ್ರವಾಗಿ ದುಡಿಯುವವರೂ ಒಂದು ಸಂಸ್ಥೆಯ ನೆರಳಿನಲ್ಲಿರಬೇಕು, ಬಿಲ್ಲು ಹೋಗುವುದೂ ಅಲ್ಲಿಗೇ.

ಪರೀಕ್ಷೆ ದೊಡ್ಡ ಅಡ್ಡಿಯೇನಲ್ಲ. 2019ರಲ್ಲಿ ಬಂದ ಐಟಿಐಎಲ್ 4ರ ಫೌಂಡೇಶನ್‌ನಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ, 26 ಸರಿಯಾದರೆ ಪಾಸು. ಮೇಲಿನ ಹಂತದ ಪಾಠಕ್ಕೆ ಆಯಾ ಮಾಡ್ಯೂಲ್‌ನ ಪರೀಕ್ಷೆಯೂ ಬೇಕು, ಒಂದೊಂದಕ್ಕೂ ಬೇರೆ ಶುಲ್ಕ. ಮೊದಲೆಲ್ಲ ಒಮ್ಮೆ ಪಾಸಾದರೆ ಮುಗಿಯುತ್ತಿತ್ತು. ಈಗ ಸರ್ಟಿಫಿಕೇಟಿನ ಆಯುಸ್ಸು ಮೂರು ವರ್ಷ. ಈ ಶುಲ್ಕವನ್ನು ಬಂಡವಾಳದ ಖಾತೆಗೆ ಬರೆಯುವವರು ಮನೆ ಬಾಡಿಗೆಯನ್ನೂ ಬಂಡವಾಳ ಎನ್ನಬಹುದು.

ತರಗತಿಯಲ್ಲಿ ಕೈಹಿಡಿಯುವುದು ಸರ್ವಿಸ್ ಡೆಸ್ಕಿನಲ್ಲಿ ಕಳೆದ ರಾತ್ರಿಪಾಳಿಗಳು. ಇನ್ಸಿಡೆಂಟ್‌ಗೂ ಪ್ರಾಬ್ಲಂಗೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ, ಹೆಚ್ಚಾಗಿ ಊಟದ ನಂತರದ ತೂಕಡಿಕೆಯ ಹೊತ್ತಿಗೆ, ಬಂದೇ ಬರುತ್ತದೆ. ಪುಸ್ತಕದ ವ್ಯಾಖ್ಯಾನ ಓದಿದರೆ ಯಾರೂ ತಲೆ ಎತ್ತುವುದಿಲ್ಲ. ಅಪಾರ್ಟ್‌ಮೆಂಟಿನ ನೀರಿನ ಮೋಟಾರು ನಿಂತದ್ದು ಇನ್ಸಿಡೆಂಟ್, ಟ್ಯಾಂಕರ್ ತರಿಸಿ ಆ ಹೊತ್ತಿಗೆ ನೀರು ಕೊಟ್ಟದ್ದು ವರ್ಕ್‌ಅರೌಂಡ್, ಬೇಸಿಗೆಯುದ್ದಕ್ಕೂ ಮೋಟಾರು ಸುಡುವುದೇಕೆ ಎಂದು ಹುಡುಕುವುದು ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಎಂದರೆ ಬೆಂಗಳೂರಿನ ತರಗತಿ ಎಚ್ಚರಗೊಳ್ಳುತ್ತದೆ. ಎರಡನೇ ಸಲ ಕರೆ ಬರುವುದು ಇಂಥದಕ್ಕೆ.

ಇನ್ನು ಲೆಕ್ಕ. ಈ ಅಂಕಣಕಾರರ ಮೊದಲ ಬಿಲ್ಲು ನಾಲ್ಕು ದಿನದ ಪಾಠಕ್ಕೆ, ದಿನಕ್ಕೆ ₹15,000ದಂತೆ ₹60,000. ಶೇ 10 ಟಿಡಿಎಸ್ ಮುರಿದು ಖಾತೆಗೆ ಬಿದ್ದದ್ದು ₹54,000. ಅದೂ ಜೂನ್‌ನ ಪಾಠಕ್ಕೆ ಸೆಪ್ಟೆಂಬರ್ ಕೊನೆಯಲ್ಲಿ. ಕ್ಲೈಂಟ್‌ನಿಂದ ಬಂದ ಮೇಲೆ ಕೊಡುತ್ತೇವೆ ಎಂಬುದು ಸಂಸ್ಥೆಯ ಉತ್ತರ. ಟಿಡಿಎಸ್ ಎಲ್ಲಿಗೂ ಹೋಗದು, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ. ಲೆಕ್ಕಕ್ಕೇ ಬಾರದೆ ಹೋದದ್ದು ತಯಾರಿಯ ಆರು ದಿನ. ಅವನ್ನೂ ಸೇರಿಸಿದರೆ ದಿನದ ಗಳಿಕೆ ₹6,000. ಹೊರವರ್ತುಲ ರಸ್ತೆಯ ಆಟೋ ಖರ್ಚು ಬೇರೆ.

ಬಾಕಿ ವಸೂಲಿಗೆ ಉದ್ಯಮ್ ನೋಂದಣಿ ಒಳ್ಳೆಯ ಆಸರೆ. ಅದು ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಹೀಗೆ ನೋಂದಾಯಿಸಿಕೊಂಡವರ ಬಿಲ್ಲನ್ನು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ತೀರಿಸಬೇಕು, ತಪ್ಪಿದರೆ ಚಕ್ರಬಡ್ಡಿ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕಂಪನಿ ತನ್ನ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದಾದದ್ದು ಹಣ ಕೊಟ್ಟ ವರ್ಷವೇ. ಅಕೌಂಟ್ಸ್ ವಿಭಾಗದವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಉದ್ಯಮ್ ಸಂಖ್ಯೆ ಬಿಲ್ಲಿನ ತಲೆಯಲ್ಲೇ ಕಾಣುವಂತಿರಬೇಕು. ವರ್ಷದ ವಹಿವಾಟು ₹20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಿ, ಅದೇ ಬಿಲ್ಲಿನಲ್ಲಿ ಶೇ 18ನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು; ಹಾಗೆ ತೋರಿಸಿದರೆ ಟಿಡಿಎಸ್ ಮುರಿಯುವುದು ಮೂಲ ಶುಲ್ಕದ ಮೇಲೆ ಮಾತ್ರ.