ಅಡುಗೆಕಟ್ಟೆಯ ಬಿಲ್ಲು ಕಲ್ಲಿಗೇ ಮುಗಿಯುವುದಿಲ್ಲ

ನೆಲಕ್ಕೆ ಕಲ್ಲು ಹಾಕಿಸುವ ಲೆಕ್ಕವೇ ಬೇರೆ, ಅಡುಗೆಕಟ್ಟೆಗೆ ಹಾಕಿಸುವ ಲೆಕ್ಕವೇ ಬೇರೆ. ಸಾವಿರ ಚದರ ಅಡಿ ನೆಲಕ್ಕೆ ಅಡಿಗೆ 20 ರೂಪಾಯಿ ಇಳಿಸಿಕೊಂಡರೆ 20,000 ಉಳಿಯುತ್ತದೆ. ನಮ್ಮ ಮನೆಯ ‘ಎಲ್’ ಆಕಾರದ ಕಟ್ಟೆ ಬರೀ 32 ಚದರ ಅಡಿ. ಅಷ್ಟೇ ಚೌಕಾಸಿ ಮಾಡಿದರೆ ಉಳಿಯುವುದು 640 ರೂಪಾಯಿ. ಹಳೆಯ ಕಡಪ ಕಲ್ಲು ತೆಗೆಸಿ ಹೊಸ ಕಟ್ಟೆ ಹಾಕಿಸುವಾಗ ನಾನು ಕಲ್ಲಿನ ರೇಟಿಗಿಂತ ಕೆಲಸದ ರೇಟಿನ ಮೇಲೆ ಹೆಚ್ಚು ಕಣ್ಣಿಟ್ಟದ್ದು ಇದಕ್ಕೇ.

ಮೊದಲು ಯಾವ ಕಲ್ಲು ಎಂಬುದು ತೀರ್ಮಾನವಾಗಬೇಕಿತ್ತು. ಮಾರ್ಬಲ್ ಕೂಡಲೇ ಪಟ್ಟಿಯಿಂದ ಹೊರಬಿತ್ತು. ಅದು ಸುಣ್ಣದ ಜಾತಿಯ ಕಲ್ಲು. ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಹೊಳಪು ಹೋಗುತ್ತದೆ. ದಿನವೂ ಸಾರು ಮಾಡುವ ಮನೆಗೆ ಆಗಿಬರದು. ಉಳಿದವು ಕ್ವಾರ್ಟ್ಜ್ ಮತ್ತು ಗ್ರಾನೈಟ್. ಕ್ವಾರ್ಟ್ಜ್ ಎಂದರೆ ಬೆಣಚುಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ, ಒತ್ತಿ ಮಾಡಿದ ಹಲಗೆ. ನೀರು, ಎಣ್ಣೆ ಹೀರುವುದಿಲ್ಲ, ನೋಡಲು ಅಚ್ಚುಕಟ್ಟು. ಆದರೆ ರೆಸಿನ್‌ಗೆ ಕಾವು ಆಗದು. ಒಗ್ಗರಣೆಯ ಬಾಣಲೆಯನ್ನು ಒಲೆಯಿಂದಿಳಿಸಿ ನೇರ ಅದರ ಮೇಲಿಟ್ಟರೆ ಕಲೆ ಉಳಿಯಬಹುದು. ಶೋರೂಮಿನಲ್ಲಿ ಬಿಳಿ ಕ್ವಾರ್ಟ್ಜ್ ನೋಡುತ್ತ ನಿಂತಿದ್ದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಚೆನ್ನಾಗೇನೋ ಇದೆ ಕಣೋ, ಅರಿಶಿನ ಚೆಲ್ಲಿದ್ರೆ ಬೈಯೋರು ಯಾರು, ಬೈಸ್ಕೊಳೋರು ಯಾರು?”

ಗ್ರಾನೈಟ್‌ಗೆ ಈ ತಕರಾರಿಲ್ಲ. ಕಾವು ತಡೆಯುತ್ತದೆ, ಕಪ್ಪು ಬಣ್ಣದ್ದಾದರೆ ಕಲೆ ಕಾಣುವುದೇ ಇಲ್ಲ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಎರಡೂ ನಮ್ಮ ನಾಡಿನವೇ. ನಾವು ಕಪ್ಪನ್ನೇ ಆರಿಸಿದೆವು.

ಈಗ ಬಿಲ್ಲು. ಜಿಗಣಿಯ ಅಂಗಡಿಯಲ್ಲಿ ಚದರ ಅಡಿಗೆ 180 ಎಂದರು. 32 ಅಡಿಗೆ 5,760 ಎಂದುಕೊಳ್ಳಬೇಡಿ. ಸ್ಲ್ಯಾಬನ್ನು ಇಡಿಯಾಗಿ ಕೊಳ್ಳಬೇಕು. ನಮ್ಮದು 42 ಅಡಿ, 7,560 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಸೇರಿ ಸುಮಾರು 8,920. ಇನ್ನು ಕೆಲಸ: ಅಂಚಿನ ಹಾಫ್ ರೌಂಡ್ ಪಾಲಿಶ್ ರನ್ನಿಂಗ್ ಅಡಿಗೆ 120ರಂತೆ 16 ಅಡಿಗೆ 1,920. ಸಿಂಕ್ ಮತ್ತು ಹಾಬ್‌ಗೆ ಕಿಂಡಿ ಕೊಯ್ಯಲು 1,500. ಕೂರಿಸುವ ಕೂಲಿ 2,560. ಗಾಡಿ ಬಾಡಿಗೆ, ಹಮಾಲಿ 1,500. ಹಳೆಯ ಕಟ್ಟೆ ಒಡೆದು ಸಾಗಿಸಲು 3,000. ಕೆಲಸಕ್ಕೇ 10,480, ಕಲ್ಲಿಗಿಂತ ಹೆಚ್ಚು. ಕ್ವಾರ್ಟ್ಜ್ ಆಗಿದ್ದರೆ ಅವರು ಹೇಳಿದ 550ರಂತೆ 50 ಅಡಿಯ ಹಲಗೆಗೇ ತೆರಿಗೆ ಸೇರಿ 32,450 ಆಗುತ್ತಿತ್ತು. ಕೆಲಸದ ಖರ್ಚು ಬೇರೆ.

ಉಳಿದ 10 ಅಡಿ ಕಲ್ಲಿಗೂ ದುಡ್ಡು ಕೊಟ್ಟಿರುತ್ತೀರಿ, ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಮ್ಮಲ್ಲಿ ಅದು ಕಿಟಕಿಯ ಕೆಳಗಿನ ಪಟ್ಟಿಗೂ ದೇವರಮನೆಯ ಕಟ್ಟೆಗೂ ಸರಿಹೋಯಿತು.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಬೂದು ಕಲ್ಲಿಗೆ ಕಪ್ಪು ಬಣ್ಣ ಬಳಿದು ಮಾರುವುದುಂಟು; ನೇಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಉಜ್ಜಿ, ಬಟ್ಟೆ ಕಪ್ಪಾದರೆ ಬೇಡವೆನ್ನಿ. ಒಂದು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತಿನ ನಂತರ ಒರೆಸಿ. ಕೆಳಗೆ ಗುರುತು ಮೂಡಿದ್ದರೆ ಆ ಕಲ್ಲು ಎಣ್ಣೆಯನ್ನೂ ಹೀರುತ್ತದೆ.

ಕೊಯ್ಯುವ ಕೆಲಸ ಅಂಗಡಿಯಲ್ಲೇ, ನೀರು ಹಾಯಿಸಿಕೊಂಡೇ ಆಗಲಿ. ಒಣಗಲ್ಲು ಕೊಯ್ದಾಗ ಏಳುವ ದೂಳು ಕೊಯ್ಯುವವನ ಶ್ವಾಸಕೋಶ ಕೆಡಿಸುತ್ತದೆ. ಕ್ವಾರ್ಟ್ಜ್ ದೂಳಿನಿಂದ ಕೆಲಸಗಾರರಿಗೆ ಸಿಲಿಕೋಸಿಸ್ ಬರುತ್ತಿದೆಯೆಂದೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಹಲಗೆಗಳನ್ನು ನಿಷೇಧಿಸಿತು.

ಮಾಡ್ಯುಲರ್ ಅಡುಗೆಮನೆ, ಕಡಿಮೆ ಒಗ್ಗರಣೆ, ತಿಳಿ ಬಣ್ಣದ ಮೋಹ ಇದ್ದವರು ಕ್ವಾರ್ಟ್ಜ್‌ಗೆ ಧಾರಾಳವಾಗಿ ಖರ್ಚು ಮಾಡಲಿ. ದಿನಕ್ಕೆ ಮೂರು ಹೊತ್ತು ಒಲೆ ಉರಿಯುವ ಮನೆಗೆ ಕಪ್ಪು ಗ್ರಾನೈಟೇ ಸಾಕು. ಯಾವುದೇ ಆದರೂ “ಅಡಿಗೆ ಎಷ್ಟು” ಎಂದು ಕೇಳಬೇಡಿ; “ಕಟ್ಟೆ ಪೂರ್ತಿ ಹಾಕಿ ಮುಗಿಸಲು ಎಷ್ಟು” ಎಂದು ಕೇಳಿ, ಬಾಬ್ತುವಾರು ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.