ಅಟ್ಟದ ಟ್ರಂಕಿನಲ್ಲಿ ಮೈಸೂರು ತಂಡ

ಪ್ರಶ್ನೆ: ಅಮೆರಿಕದಲ್ಲಿ ಹಳೇ ಬೇಸ್‌ಬಾಲ್ ಆಟಗಾರನ ಚಿತ್ರದ ಚೀಟಿಯೊಂದು ಕೋಟಿಗಟ್ಟಲೆಗೆ ಹೋಯಿತಂತೆ. ತಾತ ಕತ್ತರಿಸಿಟ್ಟ ಕ್ರಿಕೆಟ್ ಸುದ್ದಿ, ಚಿತ್ರಗಳ ಟ್ರಂಕೊಂದು ನಮ್ಮ ಅಟ್ಟದಲ್ಲಿದೆ. ಇವಕ್ಕೂ ಬೆಲೆ ಉಂಟೆ?
– ಓದುಗರು, ಅಜ್ಜಂಪುರ

ಉತ್ತರ: ಕೋಟಿಯ ಮಾತು ನಿಜ. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣದೊಳಗೆ ಪುಕ್ಕಟೆ ಬರುತ್ತಿದ್ದ ಚೀಟಿಗಳಲ್ಲಿ ಹೋನಸ್ ವ್ಯಾಗ್ನರ್‌ನದೂ ಒಂದು. ಅವನ ಚೀಟಿಯ ಮುದ್ರಣ ಬೇಗನೇ ನಿಂತುಹೋಯಿತು. ಉಳಿದವು ಬೆರಳೆಣಿಕೆಯಷ್ಟಲ್ಲದಿದ್ದರೂ ತೀರಾ ಕಡಿಮೆ. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ನಮ್ಮಲ್ಲಿ ಅಂಥ ಚೀಟಿ ಹುಡುಕಿದರೆ ಎಂಬತ್ತರ ದಶಕದ ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಚಿತ್ರಗಳೇ ಗತಿ. ಅವನ್ನು ಕೊಳ್ಳುವವರಿದ್ದಾರೆ, ಆದರೆ ಅದರಿಂದ ಮನೆ ಕಟ್ಟಲಾಗದು.

ನಿಮ್ಮ ಟ್ರಂಕಿನ ಸ್ವಾರಸ್ಯ ಬೇರೆ ಕಡೆ ಇದೆ. ಮೊದಲು ತಂಡದ ಹೆಸರು ನೋಡಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ರಣಜಿ ಸುದ್ದಿಯಲ್ಲಿ ‘ಮೈಸೂರು’ ಎಂದಿದ್ದರೆ ಅದು ಅದಕ್ಕೂ ಹಿಂದಿನದು. ತರೀಕೆರೆ ದಾಟಿದರೆ ಸಿಗುವ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಮೈಸೂರು ಪರ ಆಡತೊಡಗಿದ್ದು 1967ರಲ್ಲಿ, ಆಂಧ್ರದ ಎದುರು, ಮೊದಲ ಪಂದ್ಯದಲ್ಲೇ 230 ಹೊಡೆದು. ಹಾಗಾಗಿ ‘ಮೈಸೂರಿನ ವಿಶ್ವನಾಥ್’ ಎಂಬ ತುಣುಕು ಸಿಕ್ಕರೆ, ಮೇಲೆ ತಾರೀಖು ಹರಿದುಹೋಗಿದ್ದರೂ ಆರೇ ವರ್ಷಗಳ ಅಂತರಕ್ಕೆ ಅದನ್ನು ಕಟ್ಟಬಹುದು. ಕರ್ನಾಟಕವೆಂಬ ಹೆಸರಲ್ಲಿ ಆಡಿದ ಮೊದಲ ಋತುವಿನಲ್ಲೇ, 1973–74ರಲ್ಲಿ, ಪ್ರಸನ್ನರ ನಾಯಕತ್ವದ ತಂಡ ಸತತ ಹದಿನೈದು ವರ್ಷ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮಣಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ರಣಜಿ ತಂದಿತು. ಆ ವಾರದ ಪತ್ರಿಕೆಯ ಇಡೀ ಹಾಳೆ ಇದ್ದರೆ ನನ್ನ ಲೆಕ್ಕದಲ್ಲಿ ಅದೇ ಟ್ರಂಕಿನ ಚಿನ್ನ. ಟಿಕೆಟ್ಟಿನ ಚೂರೋ ಸ್ಕೋರ್‌ಕಾರ್ಡೋ ಜೊತೆಗಿದ್ದರಂತೂ ಇನ್ನೂ ಮೇಲು.

ಹಸ್ತಾಕ್ಷರದ ವಿಷಯದಲ್ಲಿ ಅವಸರ ಬೇಡ. ಭೂತಗನ್ನಡಿ ಹಿಡಿದಾಗ ಸಹಿಯೂ ಚಿತ್ರದ ಹಾಗೆ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಅಚ್ಚಾದ ಸಹಿ, ಪೆನ್ನಿನದಲ್ಲ.

ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ! ಕಡೂರಿನ ಅಂಗಡಿಯವರು ಐದು ನಿಮಿಷದಲ್ಲಿ ಮಾಡಿಕೊಟ್ಟಾರು, ಬಿಡಿಸಲು ಮಾತ್ರ ಯಾರಿಗೂ ಆಗದು. ಅಂಟು, ಸೆಲೋಟೇಪ್, ಸ್ಟೇಪ್ಲರ್ ಪಿನ್ನೂ ಬೇಡ. ಕಡೂರು ಸೀಮೆಯ ಒಣಹವೆ ಕಾಗದಕ್ಕೆ ಒಳ್ಳೆಯದೇ; ತರೀಕೆರೆಯ ಮಲೆನಾಡು ಕಡೆಯ ನೆಂಟರ ಮನೆಗೆ ಮಳೆಗಾಲದಲ್ಲಿ ಟ್ರಂಕು ಸಾಗಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ತುಣುಕುಗಳನ್ನು ಬಿಡಿಬಿಡಿಯಾಗಿ ಕಾಗದದ ಲಕೋಟೆಯಲ್ಲಿಟ್ಟು, ತಾತ ಅವನ್ನು ಎಲ್ಲಿಂದ, ಯಾವಾಗ ತಂದರೆಂದು ಮನೆಯ ಹಿರಿಯರನ್ನು ಕೇಳಿ, ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.